ಗೋಡೆ ಕೆಡವಿದವರು ಬಾಗಿಲು ತೆರೆದರೇ?

‘ಲಿಬರಲ್ ಸ್ಟಡೀಸ್’ ಎಂಬುದಕ್ಕೆ ಕನ್ನಡದಲ್ಲಿ ಒಪ್ಪಿತವಾದ ಹೆಸರು ಇನ್ನೂ ಹುಟ್ಟಿಲ್ಲ. ಕೆಲವರು ಉದಾರ ಅಧ್ಯಯನ ಎನ್ನುತ್ತಾರೆ, ಕೆಲವರು ಮುಕ್ತ ಕಲೆಗಳು ಎನ್ನುತ್ತಾರೆ. ಅದರ ಹಿಂದಿರುವ ಲ್ಯಾಟಿನ್ ಮಾತಿಗೆ ‘ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆ’ ಎಂಬ ಅರ್ಥವಿತ್ತು. ಅಂದರೆ ಗುಲಾಮನಲ್ಲದವನಿಗೆ, ಹೊಟ್ಟೆಪಾಡಿಗಾಗಿ ದುಡಿಯಬೇಕಿಲ್ಲದವನಿಗೆ. ಹೆಸರಿನೊಳಗೇ ಇರುವ ಈ ಬೇಲಿಯನ್ನು ಮರೆತು ಈ ವಿದ್ಯೆಯ ಗುಣದೋಷ ಮಾತಾಡುವುದು ಸರಿಯಲ್ಲ.

ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂಡಿಹಾಕದೆ ಒಂದು ಪ್ರಶ್ನೆಯ ಸುತ್ತ ಓದುವ ಸ್ನಾತಕೋತ್ತರ ಪದವಿ ಇದು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯ 1953ರಲ್ಲೇ ಇಂಥ ಕೋರ್ಸ್ ತೆರೆಯಿತು. ನಮ್ಮಲ್ಲಿ ಇದಕ್ಕೆ ಹತ್ತಿರವಾದ ಪ್ರಯೋಗ ನಡೆದದ್ದು ದಕ್ಷಿಣ ಬೆಂಗಳೂರಿನಲ್ಲಿ. ಜಯನಗರ ಒಂದನೇ ಬ್ಲಾಕಿನ ಮಾಧವನ್ ಪಾರ್ಕಿನ ಬಳಿ ಇದ್ದ ಸೆಂಟರ್ ಫಾರ್ ದಿ ಸ್ಟಡಿ ಆಫ್ ಕಲ್ಚರ್ ಅಂಡ್ ಸೊಸೈಟಿ, ಎಂ.ಎ. ಹಂತಕ್ಕಿಂತ ಮೇಲೆ, ಸಂಶೋಧನೆಯಲ್ಲಿ ಈ ಕೆಲಸ ಮಾಡಿತು. 1990ರ ದಶಕದ ಕೊನೆಗೆ ಕೆಲಸ ಆರಂಭಿಸಿದ ಈ ಸಂಸ್ಥೆಯಲ್ಲಿ ತೇಜಸ್ವಿನಿ ನಿರಂಜನ, ವಿವೇಕ್ ಧಾರೇಶ್ವರ, ಆಶಿಶ್ ರಾಜಾಧ್ಯಕ್ಷ, ಎಸ್.ವಿ. ಶ್ರೀನಿವಾಸ್ ಮೊದಲಾದವರು ಸಿನಿಮಾ, ಸ್ತ್ರೀವಾದ, ಕಾನೂನು, ಆಧುನಿಕತೆಗಳನ್ನು ಒಂದೇ ಮೇಜಿನ ಮೇಲಿಟ್ಟು ಚರ್ಚಿಸಿದರು. ಅಭಿಮಾನಿ ಸಂಘವೂ ಪಿಎಚ್.ಡಿ.ಗೆ ತಕ್ಕ ವಸ್ತು ಎಂದು ತೋರಿಸಿಕೊಟ್ಟದ್ದು ಸಣ್ಣ ಸಾಧನೆಯಲ್ಲ. ಆದರೆ ಆ ಚರ್ಚೆಯ ಬಹುಪಾಲು ನಡೆದದ್ದು ಇಂಗ್ಲಿಷಿನಲ್ಲಿ. ಅದೇ ಜಯನಗರದ ಅಂಚಿನ ತಿಲಕನಗರಕ್ಕೂ ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯಕ್ಕೂ ಅದು ಎಷ್ಟು ಕೇಳಿಸಿತು? ಆ ಸಂಸ್ಥೆಯ ಬೋಧನೆ ನಿಂತು ವರ್ಷಗಳಾದವು. ಪ್ರಶ್ನೆ ಮಾತ್ರ ಉಳಿದಿದೆ.

ಇಂಥ ಓದು ನಮಗೆ ಏಕೆ ಬೇಕು? ಬಿಟಿಎಂ ಲೇಔಟನ್ನೇ ನೋಡೋಣ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಮೂರು ಇಂಗ್ಲಿಷ್ ಅಕ್ಷರಗಳಾಗಿ ಅಲ್ಲಿ ಕುಗ್ಗಿವೆ. ಹೊಲ ಸೈಟಾದದ್ದನ್ನು ಅರ್ಥಶಾಸ್ತ್ರ ಹೇಳೀತು, ಕೆರೆಯ ಗತಿಯನ್ನು ಪರಿಸರ ವಿಜ್ಞಾನ ಹೇಳೀತು. ಆದರೆ ಅಲ್ಲಿ ಬಾಡಿಗೆ ಮನೆ ಹುಡುಕುವ ಮುಸ್ಲಿಂ ದಂಪತಿ ಹೆಸರು ಹೇಳಿದ ಕೂಡಲೇ ‘ಮನೆ ಆಗಲೇ ಕೊಟ್ಟಾಯ್ತು’ ಎಂಬ ಉತ್ತರ ಏಕೆ ಬರುತ್ತದೆ ಎಂಬುದನ್ನು ಯಾವ ವಿಭಾಗದಲ್ಲಿ ಕೇಳಬೇಕು? ಸಂವಿಧಾನದ 15ನೇ ವಿಧಿ ಪ್ರಭುತ್ವದ ಕೈ ಕಟ್ಟುತ್ತದೆ. ಅಂಗಡಿ, ಹೋಟೆಲು, ಬಾವಿ, ಸ್ನಾನಘಟ್ಟಗಳನ್ನು ಹೆಸರಿಸುತ್ತದೆ. ಬಾಡಿಗೆ ಮನೆಯ ಮಾಲೀಕನನ್ನು ಹೆಸರಿಸುವುದಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ಸ್ವಸಮುದಾಯಕ್ಕೇ ಸೀಮಿತಗೊಳಿಸುವ ನಿಯಮವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಾನೂನು ಅಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ಅಡುಗೆಯ ವಾಸನೆಯ ಸಮಾಜಶಾಸ್ತ್ರ, ಬಡಾವಣೆಗಳ ಇತಿಹಾಸ, ಸಿನಿಮಾ ಕಟ್ಟಿದ ಮುಸ್ಲಿಮನ ಚಿತ್ರ, ಇವೆಲ್ಲ ಕೂಡಿ ಹೇಳಬೇಕು. ಒಂದೇ ಜ್ಞಾನಶಿಸ್ತಿಗೆ ದಕ್ಕದ ಪ್ರಶ್ನೆಗಳು ಹೆಚ್ಚಾಗಿ ಅಂಚಿನಲ್ಲಿರುವವರ ಪ್ರಶ್ನೆಗಳೇ ಆಗಿರುತ್ತವೆ. ಆದ್ದರಿಂದ ಈ ಪದವಿ ಉಳ್ಳವರ ಅಲಂಕಾರವಾಗಿ ಉಳಿಯಬಾರದು.

ಇದು ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ಅಲ್‌ಬಿರೂನಿ ಖಗೋಳ, ಗಣಿತ, ಧರ್ಮ, ಆಚಾರಗಳನ್ನು ಒಟ್ಟಿಗಿಟ್ಟೇ ಹಿಂದೂಸ್ತಾನವನ್ನು ಅರಿಯಲು ಹೊರಟವನು. ಲಕ್ನೋದ ಫಿರಂಗಿ ಮಹಲಿನಲ್ಲಿ ರೂಪುಗೊಂಡ ದರ್ಸೆ ನಿಜಾಮಿಯಲ್ಲಿ ಫಿಕ್ಹಿನ ಪಕ್ಕದಲ್ಲೇ ತರ್ಕಶಾಸ್ತ್ರವೂ ತತ್ವಶಾಸ್ತ್ರವೂ ಇದ್ದವು. ಹಾಗೆಂದು ಪೂರ್ವಜರ ಹೆಸರು ಹೇಳಿ ತೃಪ್ತಿಪಟ್ಟು ಕೂರುವ ಚಾಳಿ ನಮಗೆ ಒಪ್ಪಿಗೆಯಿಲ್ಲ. ಕನ್ನಡದಲ್ಲೇ ಇದು ಸಾಧ್ಯ ಎಂಬುದಕ್ಕೆ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಸಾಕ್ಷಿ. ಚರಿತ್ರೆ, ಜಾನಪದ, ತತ್ವಪದ, ಕ್ಷೇತ್ರಕಾರ್ಯಗಳನ್ನು ಬೇರ್ಪಡಿಸಿದರೆ ಆ ಪುಸ್ತಕವೇ ಉಳಿಯದು.

ಇಷ್ಟಾದರೂ, ಡಿಗ್ರಿ ಮುಗಿಸಿದ ಮಗಳು ಇಂಥ ಎಂ.ಎ. ಮಾಡುತ್ತೇನೆಂದಾಗ ‘ಇದರಿಂದ ಕೆಲಸ ಸಿಗುತ್ತದಾ ಬೇಟಿ?’ ಎಂದು ಕೇಳುವ ಅಬ್ಬಾ ದಡ್ಡರೇನಲ್ಲ. ಯುಜಿಸಿ ನಿಯಮದಂತೆ ಅಧ್ಯಾಪಕ ಹುದ್ದೆಗೆ ‘ಸಂಬಂಧಿತ ವಿಷಯ’ದ ಸ್ನಾತಕೋತ್ತರ ಪದವಿ ಬೇಕು. ಎಲ್ಲ ವಿಷಯಗಳಿಗೂ ಸಂಬಂಧಿಸಿದ ಪದವಿ ಯಾವ ವಿಷಯಕ್ಕೂ ಸಂಬಂಧಿಸದೆ ಹೋಗುವ ಅಪಾಯ ಇಲ್ಲಿದೆ. ಮಹಿಳಾ ಅಧ್ಯಯನವೂ ಹಲವು ಶಿಸ್ತುಗಳ ನಡುವೆ ಹುಟ್ಟಿದ್ದೇ. ಅದಕ್ಕೆ ನೆಟ್ ಪರೀಕ್ಷೆಯ ಪಟ್ಟಿಯಲ್ಲಿ ಸ್ವಂತ ಸ್ಥಾನ ಸಿಕ್ಕಿದೆ. ಉಳಿದವುಗಳಿಗೂ ಅಂಥ ದಾರಿ ಬೇಕು.

ಹಣದ ಮಾತು ಇನ್ನೂ ಕಹಿ. ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬರು, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರ ಸಾಚಾರ್ ವರದಿ ಹೇಳಿತ್ತು. ಮೆಟ್ಟಿಲೇರಿದಷ್ಟೂ ನಾವು ಕಡಿಮೆಯಾಗುತ್ತೇವೆ. ಸಂಶೋಧನೆಗೆ ನೆರವಾಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಕುಟುಂಬದ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುವುದು ಸ್ವಾಗತಾರ್ಹ. ಆದರೆ ಇದು ಖಾಸಗಿ ಔದಾರ್ಯಕ್ಕೆ ಬಿಟ್ಟುಬಿಡುವ ವಿಷಯವಲ್ಲ. ಸರ್ಕಾರಗಳ ನಡೆಯಾದರೋ ವಿಚಿತ್ರ. ಬಹುಶಿಸ್ತೀಯ ಕಲಿಕೆಯ ಹೆಸರು ಹೇಳಿ 2021ರಲ್ಲಿ ಕರ್ನಾಟಕ ಎಲ್ಲ ರಾಜ್ಯಗಳಿಗಿಂತ ಮೊದಲು ನಾಲ್ಕು ವರ್ಷದ ಪದವಿ ತಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ವರ್ಷ ಎಣಿಸುವ ಈ ಜಗಳದಲ್ಲಿ ಏನನ್ನು, ಯಾವ ಭಾಷೆಯಲ್ಲಿ ಓದಬೇಕು ಎಂಬ ಮಾತು ಹಿಂದೆ ಬಿತ್ತು.

ಸರ್ಕಾರಿ ವಿಶ್ವವಿದ್ಯಾಲಯಗಳು ಈ ಪದವಿಯನ್ನು ಕನ್ನಡದಲ್ಲೂ ಓದುವಂತೆ ತೆರೆಯಲಿ. ನೇಮಕಾತಿ ನಿಯಮಗಳು ಅದನ್ನು ಗುರುತಿಸಲಿ. ನಮ್ಮ ಸಮುದಾಯದ ಶಿಕ್ಷಣ ಸಂಸ್ಥೆಗಳಿಗೂ ಒಂದು ಮಾತಿದೆ. 1966ರಲ್ಲಿ ಡಾ. ಮುಮ್ತಾಜ್ ಅಹಮದ್ ಖಾನ್ ಅಲ್ ಅಮೀನ್ ಕಟ್ಟಿದ ಕಾಲದಿಂದ ನಾವು ಕಾಲೇಜು ಕಟ್ಟಲು ಕಲಿತಿದ್ದೇವೆ. ಫಾರ್ಮಸಿ, ಎಂಜಿನಿಯರಿಂಗ್ ಬೇಕು, ಸರಿ. ಆದರೆ ನಮ್ಮ ಬದುಕಿನ ಬಗ್ಗೆ ನಾವೇ ಪ್ರಶ್ನೆ ಕೇಳಲು ಕಲಿಸುವ ಒಂದು ವಿಭಾಗವೂ ಬೇಕು. ಇಲ್ಲದಿದ್ದರೆ ಆ ಪ್ರಶ್ನೆಗಳನ್ನು ನಮ್ಮ ಪರವಾಗಿ ಬೇರೆಯವರೇ ಕೇಳುತ್ತಾರೆ, ಉತ್ತರವನ್ನೂ ಅವರೇ ಬರೆಯುತ್ತಾರೆ.