ಕೌದಿಗೆ ಕೂಡ್ರುವ ಕಾಲ

ಡಿಸೆಂಬರ್ ನಡುವಿಗೆ ಬಂದರೆ ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿ ಹಗಲು ಹನ್ನೊಂದು ತಾಸು ಚಿಲ್ಲರೆ. ಜೂನ್ ತಿಂಗಳ ಹಗಲಿಗಿಂತ ಸುಮಾರು ಎರಡು ತಾಸು ಕಡಿಮೆ. ಹೊಳೆಯ ಕಡೆಯಿಂದ ಥಂಡಿ ಗಾಳಿ, ಕಬ್ಬಿನ ಮೇಲೆ ಮಂಜು, ಸಂಜೆ ಆರು ದಾಟುವುದರೊಳಗೆ ಕತ್ತಲು. ರಾತ್ರಿ ಪಾಳಿಯ ಕರೆಂಟು ಬಂತೆಂದು ಗಂಡಸರು ನೀರು ಹಾಯಿಸಲು ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿದವರಿಗೆ ರಾತ್ರಿ ಇನ್ನೂ ಉದ್ದ. ಸೂಜಿ ಹಿಡಿಯುವವರಿಗೆ ಇದು ಬೆಳಕಿನ ಬರಗಾಲ. ಆದರೂ ನಾನು ವರ್ಷವಿಡೀ ಕಾಯುವುದು ಈ ದಿನಗಳಿಗೇ. ಹಳೆಯ ಅರಿವೆಗಳನ್ನು ಪದರ ಪದರವಾಗಿ ಹೊಲಿಯುವ ಕೌದಿಗೆ ಕೂಡ್ರುವ ಕಾಲವಿದು.

ಮುಂಜಾನೆಯ ರೊಟ್ಟಿ ಕೆಲಸ ಮುಗಿಸಿ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತರೆ ಇಳಿಹೊತ್ತಿನವರೆಗೆ ಬೆಳಕು ಚೆನ್ನಾಗಿರುತ್ತದೆ. ದೊಡ್ಡ ಕೌದಿಯನ್ನು ಒಬ್ಬರೇ ಹೊಲಿಯಲು ಬರುತ್ತದೆ, ಆದರೆ ಅದು ಹೊರೆ. ನಾಲ್ವರು ನಾಲ್ಕು ಮಗ್ಗುಲಿಗೆ ಕುಳಿತಾಗ ಅದರ ಸುಖವೇ ಬೇರೆ. ಅಂಚಿನಿಂದ ಶುರುಮಾಡಿ ಸಾಲು ಸಾಲಾಗಿ ನಡುವಿನತ್ತ ಸರಿಯಬೇಕು. ಒಳಗಿನ ಅರಿವೆ ಗುಡ್ಡೆಯಾಗದಂತೆ ಸಾಲಿಗೊಮ್ಮೆ ಅಂಗೈಯಿಂದ ಸವರಬೇಕು. ಎದುರಿಗೆ ಕುಳಿತವಳು ದಾರ ಬಿಗಿಯಾಗಿ ಎಳೆದರೆ ನನ್ನ ಕಡೆ ನೆರಿಗೆ ಬೀಳುತ್ತದೆ. ಹಾಗಾಗಿ ನಾಲ್ವರ ಕೈಯೂ ಒಂದೇ ಹದಕ್ಕೆ ಬರಲೇಬೇಕು. ಮೂರು ನಾಲ್ಕು ಸಾಲು ಹೋಗುವುದರೊಳಗೆ ಆ ಹದ ಕೂಡಿಬರುತ್ತದೆ. ಆಮೇಲೆ ಮಾತು. ಕಬ್ಬು ಕಡಿಯುವ ಗ್ಯಾಂಗು ಯಾವಾಗ ಬಂದೀತು, ಫ್ಯಾಕ್ಟರಿಯ ಬಿಲ್ಲು ಯಾವಾಗ ಆದೀತು, ಯಾರ ಸೊಸೆಗೆ ಎಷ್ಟನೆಯ ತಿಂಗಳು. ನಡುವೆ ಯಾರೋ ಹಸಿ ಕಡಲೆಗಿಡ ತಂದು ಹಾಕುತ್ತಾರೆ. ಕಣ್ಣು ಮಂಜಾದ ಹಿರಿಯರಿಗೆ ಸೂಜಿ ಪೋಣಿಸಿ ಕೊಡುವುದು ಸಾಲಿಯಿಂದ ಬಂದ ಹುಡುಗಿಯರ ಕೆಲಸ. ಅವರು ಕೌದಿ ಕಲಿಯುವುದು ಅಲ್ಲಿಂದಲೇ.

ಅರಿವೆಯ ಆಯ್ಕೆಯಲ್ಲಿ ನಾನು ಬಲು ಕಟ್ಟುನಿಟ್ಟು. ಹಳೆಯ ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸುಗಳನ್ನೂ ನೇಯುವ ಮೊದಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಉಟ್ಟು ಉಟ್ಟು ಮೈ ಪಿಸಿದರೂ ದಡಿ ಗಟ್ಟಿಯಾಗಿರುತ್ತದೆ. ಆದ್ದರಿಂದ ಚಿಕ್ಕಿಪರಾಸ, ಗೋಮಿ, ಗಾಯತ್ರಿ ದಡಿಗಳೆಲ್ಲ ಕೌದಿಯ ಸುತ್ತಂಚಿಗೆ, ಕೈ ಜಗ್ಗುವ ಕಡೆಗೆ. ಕೆಂಪು ಟೋಪಿತೆನಿಯ ಸೆರಗು ನಟ್ಟನಡುವೆ, ಕಣ್ಣಿಗೆ ಬೀಳುವ ಹಾಗೆ. ಸವೆದ ಮೈ ಮತ್ತು ಧೋತರ ಒಳಪದರಕ್ಕೆ. ಸಿಂಥೆಟಿಕ್ ಸೀರೆಯನ್ನು ಮೇಲುಬಣ್ಣಕ್ಕೆ ಬೇಕಾದರೆ ಹಾಕಿ, ಮೈಗೆ ತಾಗುವ ಕಡೆ ಬೇಡವೇ ಬೇಡ. ಅದು ಜಾರುತ್ತದೆ, ಬೆವರು ಹೀರುವುದಿಲ್ಲ. ಪದರಗಳ ನಡುವೆ ನಿಂತ ಗಾಳಿಯಿಂದಲೇ ಕೌದಿ ಬೆಚ್ಚಗೆ. ಮಶೀನಿನ ಒತ್ತೊತ್ತಾದ ಹೊಲಿಗೆ ಆ ಗಾಳಿಯನ್ನು ಹಿಂಡಿಬಿಡುತ್ತದೆ. ಕೈಹೊಲಿಗೆಗೆ ಸಾಲಿನಿಂದ ಸಾಲಿಗೆ ಬೆರಳಗಲ ಜಾಗ ಬಿಟ್ಟರೆ ಸಾಕು.

ಕೌದಿಯ ರುಚಿ ಗೊತ್ತಿದ್ದವರು ಮೊದಲು ನೋಡುವುದು ಅದರ ಹಿಂಬದಿಯನ್ನು. ಹಿರಿಯರೊಬ್ಬರು ಹಳೆಯ ಕೌದಿಯೊಂದನ್ನು ಮಗುಚಿ ಬೆರಳಾಡಿಸಿ ಹೇಳಿದ್ದು ಮರೆಯಲಾಗದು: "ಈ ಮಗ್ಗಲಾ ನಮ್ಮಕ್ಕಂದವಾ. ಸಣ್ಣ ಸಣ್ಣ ಹೊಲಿಗಿ ಹಾಕತಿದ್ಲು, ಅವಸರ ಅನ್ನೂದ ಇದ್ದಿಲ್ಲ ಆಕಿಗೆ." ಅಕ್ಕ ತೀರಿಕೊಂಡು ವರ್ಷಗಳಾಗಿದ್ದವು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿದಾಗ ಆದ ನಷ್ಟದಲ್ಲಿ ಇಂಥ ಕೌದಿಗಳೂ ಸೇರಿವೆ ಎಂದು ನನಗನಿಸುತ್ತದೆ. ಹೊದೆಯಲು ಹೊಸ ಕಂಬಳಿ ಕೊಡಬಹುದು, ಅವ್ವನ ಸೀರೆ ಎಲ್ಲಿಂದ ತರುವುದು?

ಈ ಕಸುಬು ನಮ್ಮೊಬ್ಬರದಲ್ಲ. ಗೊಂದಲಿಗರ ಹೆಣ್ಣುಮಕ್ಕಳು ಊರೂರು ತಿರುಗಿ, ಮನೆಯವರು ಕೊಟ್ಟ ಹಳೆಯ ಅರಿವೆಗಳಿಂದ ಕೌದಿ ಹೊಲಿದು ಬದುಕಿದವರು. ಮಹಾರಾಷ್ಟ್ರದ ಗಡಿ ದಾಟಿದರೆ ಅದೇ ಗೋಧಡಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರು ತಮ್ಮ ಕವಂದಿಯ ನಾಲ್ಕು ಮೂಲೆಗೂ ಮಡಿಸಿದ ಅರಿವೆಯ 'ಫೂಲ' ಇಡದೆ ಕೆಲಸ ಮುಗಿಯಿತೆನ್ನುವುದಿಲ್ಲ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಕಪ್ಪು ಜನರ ಹಳ್ಳಿಯಿದೆ. ಅಲ್ಲಿನ ಹೆಂಗಸರು ದುಡಿಮೆಯಲ್ಲಿ ಸವೆದ ಬಟ್ಟೆಗಳಿಂದಲೂ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು. ಆದರೆ ನಮ್ಮಲ್ಲಿ ಬೀಗರು ಬಂದರೆ ಮೊದಲು ಒಳಗೆ ಹೋಗುವುದು ಕೌದಿಯೇ, ಹೊರಗೆ ಬರುವುದು ಅಂಗಡಿಯ ರಗ್ಗು. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಬೀಗರಿಗೇ ಕೌದಿ ಹಾಸಿ, ಯಾರ್ಯಾರು ಹೊಲಿದರೆಂದು ಹೇಳಿ.

ಎಳ್ಳಮಾಸಿ ಡಿಸೆಂಬರ್‌ನಲ್ಲೇ ಬಂದ ವರ್ಷ, ಹೊಲಕ್ಕೆ ಚರಗ ಚೆಲ್ಲಿದ ಮೇಲೆ ಸಂಕ್ರಾಂತಿಯವರೆಗೆ ಸಿಗುವ ದಿನಗಳು ಒಂದು ಕೂಸಿನ ಕೌದಿಗೆ ಧಾರಾಳ ಸಾಕು. ಹೊಸಬರು ಅದರಿಂದಲೇ ಶುರುಮಾಡಲಿ. ಎರಡು ಹಳೆಯ ಧೋತರ, ಒಂದು ಹತ್ತಿ ಸೀರೆ ಸಾಕಾಗುತ್ತದೆ. ಮೊದಲು ಬಿಸಿನೀರಿನಲ್ಲಿ ಒಗೆದು ಒಣಗಿಸಿಕೊಳ್ಳಿ, ದಾರ ಹತ್ತಿಯದೇ ಇರಲಿ. ಓಣಿಯಲ್ಲಿ ಕೈ ಪಳಗಿದ ಒಬ್ಬ ಅಜ್ಜಿಯನ್ನು ಮಾತ್ರ ತಪ್ಪದೆ ಕರೆಯಿರಿ, ಬಿಸಿಲು ಬೀಳುವ ಮಗ್ಗುಲನ್ನು ಅವರಿಗೇ ಬಿಟ್ಟುಕೊಡಿ.