ಪ್ಲಗ್ಗಿಲ್ಲದ ಮನೆಗೆ ಪ್ಲಗ್ಗಿನ ಕಾರು

ಕಾರು ಕೊಳ್ಳುವ ಮಾತು ಬಂದೊಡನೆ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಮೈಲೇಜ್ ಎಷ್ಟು?" ಎಂಬುದು. ಬರಿಯ ಪೆಟ್ರೋಲ್ ಕಾರಿನ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ಪೆಟ್ರೋಲ್ ಇಂಜಿನ್ನೂ ವಿದ್ಯುತ್ ಮೋಟಾರೂ ಒಟ್ಟಿಗಿರುವ ಹೈಬ್ರಿಡ್ ಕಾರುಗಳ ವಿಷಯದಲ್ಲಿ ಅದೊಂದೇ ಪ್ರಶ್ನೆ ಸಾಲದು. ಜಾಹೀರಾತುಗಳು ಹೇಳದೆ ಬಿಡುವ ಸಂಗತಿಯನ್ನು ಇಲ್ಲಿ ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

ಹೈಬ್ರಿಡ್ಡಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದಕ್ಕೆ ಪ್ಲಗ್ಗೇ ಇಲ್ಲ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಚಿಕ್ಕ ಬ್ಯಾಟರಿಯಲ್ಲಿ ಹಿಡಿದಿಟ್ಟು, ಮತ್ತೆ ಹೊರಡುವಾಗ ಬಳಸುತ್ತದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್ ಹೈಬ್ರಿಡ್ ಈ ಬಗೆಯದು. 2022ರಲ್ಲಿ ಅದು ಬಂದಾಗ ಲೀಟರಿಗೆ 27.97 ಕಿ.ಮೀ. ಎಂದು ಘೋಷಿಸಿದರು. ಅದು ಪರೀಕ್ಷೆಯ ಓಟದ ಅಂಕಿ, ರಸ್ತೆಯಲ್ಲಿ ಕಡಿಮೆಯಾದೀತು. ಆದರೂ ಸಯನ್, ಕುರ್ಲಾಗಳ ನಿಂತು ನಿಂತು ಸಾಗುವ ಸಂಚಾರದಲ್ಲಿ ಈ ಏರ್ಪಾಡಿನಿಂದ ಉಳಿತಾಯವುಂಟು.

ಎರಡನೆಯದು ಪ್ಲಗ್-ಇನ್ ಹೈಬ್ರಿಡ್. ಇದರ ದೊಡ್ಡ ಬ್ಯಾಟರಿಯನ್ನು ಗೋಡೆಯ ಪ್ಲಗ್ಗಿನಿಂದ ತುಂಬಿಸಬೇಕು. ತುಂಬಿಸಿದ ವಿದ್ಯುತ್ ಮುಗಿಯಿತೆಂದರೆ ಪೆಟ್ರೋಲ್ ಇಂಜಿನ್ ಕೆಲಸಕ್ಕಿಳಿಯುತ್ತದೆ. ವೋಲ್ವೋ ಕಂಪನಿ 2019ರಲ್ಲಿ ಬೆಂಗಳೂರಿನ ಬಳಿ ಇಂಥ ಕಾರನ್ನು ಜೋಡಿಸಲು ತೊಡಗಿತು. ಬೆಲೆ ಮಾತ್ರ ಕೋಟಿ ರೂಪಾಯಿಯ ಹತ್ತಿರವಿತ್ತು. ನಮ್ಮ ಅಳವಿಗೆ ಬರುವಂಥದು ಬಂದರೂ ಅದರ ಗುಣದೋಷ ಇದೇ ಆಗಿರುತ್ತದೆ.

ಒಂದು ಲೆಕ್ಕ ಮಾಡೋಣ. ರೈಲಿನ ದಾರಿಯಲ್ಲಿ ಠಾಣೆಗೂ ಸಿ.ಎಸ್.ಎಂ.ಟಿ.ಗೂ 34 ಕಿ.ಮೀ. ಅಂತರ. ಕಾರಿನಲ್ಲಿ ಹೋಗಿಬರಲು 70 ಕಿ.ಮೀ. ಎನ್ನೋಣ. ಕಾರು ವಿದ್ಯುತ್ತಿನಲ್ಲಿ ಯೂನಿಟ್ಟಿಗೆ 6 ಕಿ.ಮೀ., ಪೆಟ್ರೋಲಿನಲ್ಲಿ ಲೀಟರಿಗೆ 15 ಕಿ.ಮೀ. ಓಡಲಿ, ಒಂದು ಸಲ ತುಂಬಿಸಿದರೆ ವಿದ್ಯುತ್ತಿನಲ್ಲೇ 40 ಕಿ.ಮೀ. ಸಾಗಲಿ. ಯೂನಿಟ್ಟಿಗೆ 10 ರೂಪಾಯಿ, ಪೆಟ್ರೋಲಿಗೆ 2025ರಲ್ಲಿ ಮುಂಬಯಿಯಲ್ಲಿದ್ದಂತೆ 103 ರೂಪಾಯಿ ಹಿಡಿಯೋಣ. ಮನೆಯಲ್ಲೂ ಕಚೇರಿಯಲ್ಲೂ ಚಾರ್ಜ್ ಮಾಡುವವರಿಗೆ ದಿನದ ಖರ್ಚು ಸುಮಾರು 117 ರೂಪಾಯಿ. ಮನೆಯಲ್ಲಿ ಮಾತ್ರ ಮಾಡುವವರಿಗೆ 273. ಎಲ್ಲಿಯೂ ಮಾಡದವರಿಗೆ 481. ಕಾರು ಅದೇ, ದಾರಿ ಅದೇ. ಖರ್ಚು ಮಾತ್ರ ನಾಲ್ಕು ಪಟ್ಟು! ಹಾಗಾದರೆ ಜಾಹೀರಾತಿನ ಆ ಒಂದು ಅಂಕಿ ಯಾರ ಮನೆಯ ಲೆಕ್ಕ?

ಇದು ಬರಿಯ ತರ್ಕವಲ್ಲ. ಯುರೋಪಿನಲ್ಲಿ 2021ರಲ್ಲಿ ನೋಂದಣಿಯಾದ ಪ್ಲಗ್-ಇನ್ ಹೈಬ್ರಿಡ್ಡುಗಳು ರಸ್ತೆಯಲ್ಲಿ ಉಗುಳಿದ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಯ ಮೂರೂವರೆ ಪಟ್ಟು ಇತ್ತೆಂದು ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಮಾಡಿತು. ಜನರು ಎಣಿಸಿದಷ್ಟು ಸಲ ಚಾರ್ಜ್ ಮಾಡದೆ, ಪೆಟ್ರೋಲಿನಲ್ಲೇ ಹೆಚ್ಚು ಓಡಿಸಿದ್ದು ಇದರ ಕಾರಣ.

2001ರಲ್ಲಿ ಬೆಂಗಳೂರಿನಿಂದ ಬಂದ ಪುಟ್ಟ ರೇವಾ ಕಾರಿನಲ್ಲಿ ಈ ಮರೆಮಾಚುವಿಕೆ ಇರಲಿಲ್ಲ. 15 ಆಂಪಿಯರ್ ಪ್ಲಗ್ಗಿನಿಂದ ತುಂಬಿಸಿದರೆ 80 ಕಿ.ಮೀ. ಎಂದು ತಯಾರಕರು ಹೇಳಿದ್ದರು; ತುಂಬಿಸದಿದ್ದರೆ ಕಾರು ನಿಂತೇ ಹೋಗುತ್ತಿತ್ತು. ಹಾಗಾಗಿ ಪ್ಲಗ್ ಇಲ್ಲದವರು ಅದರ ಗೋಜಿಗೇ ಹೋಗುವಂತಿರಲಿಲ್ಲ. ಪ್ಲಗ್-ಇನ್ ಹೈಬ್ರಿಡ್ಡಿನಲ್ಲಿ ಪೆಟ್ರೋಲ್ ಟ್ಯಾಂಕು ನಮ್ಮ ಆಲಸ್ಯವನ್ನೂ ಅನಾನುಕೂಲವನ್ನೂ ಮುಚ್ಚಿಹಾಕುತ್ತದೆ. ತಿಂಗಳ ಕೊನೆಯಲ್ಲಿ ಬಂಕಿನ ಬಿಲ್ಲು ಮಾತ್ರ ಮುಚ್ಚಿಡುವುದಿಲ್ಲ.

ಇನ್ನು ಚಾರ್ಜಿಂಗ್ ಸೌಕರ್ಯ. ಇಂಥ ಬ್ಯಾಟರಿಗೆ ದುಬಾರಿ ಯಂತ್ರವೇನೂ ಬೇಡ. 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯೂನಿಟ್ ಸಿಕ್ಕರೂ ರಾತ್ರಿ ಮುಗಿಯುವುದರೊಳಗೆ ತುಂಬುತ್ತದೆ. ಆದರೆ ಆ ಪ್ಲಗ್ಗು ಕಾರು ನಿಲ್ಲುವಲ್ಲಿರಬೇಕಲ್ಲ! ನಾಲ್ಕನೆಯ ಮಹಡಿಯ ಮನೆಯಿಂದ ತಂತಿ ಇಳಿಬಿಡಲಾಗದು. ಬೀದಿಯಲ್ಲಿ ಕಾರು ನಿಲ್ಲಿಸುವ ಹಳೆಯ ಕಟ್ಟಡದವರಿಗಂತೂ ಆ ಆಸೆಯೂ ಇಲ್ಲ. ರಸ್ತೆಬದಿಯ ವೇಗದ ಡಿ.ಸಿ. ಚಾರ್ಜರುಗಳು ಹಲವು ಪ್ಲಗ್-ಇನ್ ಹೈಬ್ರಿಡ್ಡುಗಳಿಗೆ ಹೊಂದುವುದೇ ಇಲ್ಲ.

ಮನೆ ಅಥವಾ ಕಚೇರಿಯ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ಕಾರನ್ನು ಚಾರ್ಜ್ ಮಾಡಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ. ಆದರೂ ಸೊಸೈಟಿಯ ಕಮಿಟಿಗಳು ಬೆಂಕಿಯ ಭಯ, ವೈರಿಂಗಿನ ಭಾರ, ಬಿಲ್ಲಿನ ಹಂಚಿಕೆ ಎಂದು ಹಿಂಜರಿಯುತ್ತವೆ. ಆ ಶಂಕೆಗಳನ್ನು ತಳ್ಳಿಹಾಕಬೇಕಿಲ್ಲ. ಪ್ರತ್ಯೇಕ ಮೀಟರು, ತಕ್ಕ ದಪ್ಪದ ತಂತಿ, ಅರ್ತಿಂಗ್, ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ನನ ಕೆಲಸ, ಇಷ್ಟನ್ನು ಮುಂದಿಟ್ಟು ಕೇಳಿದರೆ ಮಾತುಕತೆಗೆ ಹಾದಿಯಾದೀತು.

ನಮ್ಮ ಅಭಿಪ್ರಾಯವಿಷ್ಟೆ: ಪಾರ್ಕಿಂಗಿನಲ್ಲಿ ಪ್ಲಗ್ ಇದ್ದವರಿಗೆ ಈ ಕಾರು ಒಳ್ಳೆಯದು, ಇಲ್ಲದವರಿಗೆ ಪ್ಲಗ್ ಬೇಡದ ಹೈಬ್ರಿಡ್ಡೇ ಲೇಸು. ತಯಾರಕರು ಚಾರ್ಜ್ ಮಾಡಿದಾಗಿನ ಅಂಕಿಯನ್ನೂ ಮಾಡದಾಗಿನ ಅಂಕಿಯನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚುಹಾಕಲಿ. ಕೊಳ್ಳುವವರು ಶೋರೂಮಿಗೆ ಮುಂಗಡ ಕೊಡುವ ಮೊದಲು ಸೊಸೈಟಿಯ ಕಚೇರಿಗೆ ಹೋಗಿ ಲಿಖಿತ ಒಪ್ಪಿಗೆ ಪಡೆಯಲಿ. ಲೋಕಲ್ ಗಾಡಿಯ ಪಾಸಿಗೆ ಸಾಟಿಯಾದ ಮೈಲೇಜ್ ಯಾವ ಕಾರಿಗೂ ಇಲ್ಲವೆಂಬುದು ಬೇರೆ ಮಾತು.