ಶುರುವಾಗಲೊಲ್ಲದ ಸರ್ವರ್ ಮತ್ತು ಆರು ಮೆಟ್ಟಿಲ ಏಣಿ

ಡೇಟಾಬೇಸ್ ಸರ್ವರ್ ಶುರುವಾಗುತ್ತಿದ್ದಂತೆಯೇ ಬಿದ್ದುಹೋದರೆ ಅದನ್ನು ಕೆಟ್ಟ ಯಂತ್ರವೆಂದು ಬಗೆದು, ಹೇಗಾದರೂ ಮಾಡಿ ಮತ್ತೆ ಎಬ್ಬಿಸಿ ನಿಲ್ಲಿಸುವುದೇ ದುರಸ್ತಿ ಎಂದು ಭಾವಿಸುವ ರೂಢಿ ಸರ್ವರ್ ನೋಡಿಕೊಳ್ಳುವವರ ನಡುವೆ ಆಳವಾಗಿ ಬೇರೂರಿದೆ. ಈ ರೂಢಿ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಒರೆಗೆ ಹಚ್ಚಲು ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಸಂಗ್ರಹ ಎಂಜಿನ್, ಅದರೊಳಗೆ ಅಡಕವಾಗಿರುವ ‘ಫೋರ್ಸ್ ರಿಕವರಿ’ ಎಂಬ ತುರ್ತು ಏರ್ಪಾಡು, ಅದರ ಸುತ್ತ ಹುಟ್ಟಿಕೊಂಡಿರುವ ನಾಟಿ ಮದ್ದುಗಳು ಇವು ಮೂರನ್ನೂ ಒಟ್ಟಿಗೆ ನೋಡಬೇಕು. ಫಿನ್ಲೆಂಡಿನಲ್ಲಿ ಹೈಕ್ಕಿ ಟೂರಿ ಅವರು ರೂಪಿಸಿದ ಇನ್ನೋಡಿಬಿ, 2005ರಲ್ಲಿ ಅವರ ಕಂಪನಿಯನ್ನು ಒರಾಕಲ್ ಕೊಂಡುಕೊಂಡಾಗ ಅದರ ವಶವಾಗಿ, 2010ರಲ್ಲಿ ಬಂದ 5.5ನೆಯ ಆವೃತ್ತಿಯಿಂದ ಮೈಎಸ್‌ಕ್ಯೂಎಲ್ ತಾನಾಗಿಯೇ ಬಳಸುವ ಎಂಜಿನ್ ಆಯಿತು. ಹೀಗಾಗಿ ಅದರ ಗುಣದೋಷಗಳೆರಡೂ ಲೆಕ್ಕವಿಲ್ಲದಷ್ಟು ಜಾಲತಾಣಗಳ, ಕಚೇರಿಗಳ, ಅಂಗಡಿಗಳ ಲೆಕ್ಕಪತ್ರಗಳನ್ನು ಮುಟ್ಟುತ್ತವೆ.

ಇನ್ನೋಡಿಬಿಯ ಒಳಗಿನ ವ್ಯವಸ್ಥೆಯನ್ನು ಹಳೆಯ ಅಂಗಡಿಯ ಲೆಕ್ಕದಿಂದ ಸುಲಭವಾಗಿ ತಿಳಿಯಬಹುದು. ವ್ಯಾಪಾರಿಯು ನಡೆದ ವಹಿವಾಟನ್ನು ಮೊದಲು ದಿನವಹಿಯಲ್ಲಿ ಗುರುತು ಹಾಕಿಕೊಂಡು, ಬಿಡುವಾದಾಗ ಅದನ್ನು ಖಾತೆಪುಸ್ತಕಕ್ಕೆ ಏರಿಸುವಂತೆ, ಇನ್ನೋಡಿಬಿಯೂ ಪ್ರತಿ ಬದಲಾವಣೆಯನ್ನು ಮೊದಲು ರಿಡೂ ಲಾಗ್ ಎಂಬ ಕಡತದಲ್ಲಿ ಬರೆದು, 16 ಕಿಲೋಬೈಟ್ ಅಳತೆಯ ಪುಟಗಳಾಗಿ ಜೋಡಿಸಿಟ್ಟ ನಿಜವಾದ ಕೋಷ್ಟಕಗಳನ್ನು ನಿಧಾನವಾಗಿ ತಿದ್ದುತ್ತದೆ. ಇನ್ನೂ ಪೂರ್ಣಗೊಳ್ಳದ ವಹಿವಾಟನ್ನು ಹಿಂದಕ್ಕೆ ತಿರುಗಿಸಬೇಕಾಗಿ ಬಂದರೆ ಬೇಕಾಗುವ ಹಳೆಯ ಮೌಲ್ಯಗಳನ್ನು ಅನ್‌ಡೂ ಲಾಗ್‌ನಲ್ಲಿ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ವಿದ್ಯುತ್ ಹೋಗಿ ಸರ್ವರ್ ಹಠಾತ್ತನೆ ನಿಂತರೆ, ಮರಳಿ ಶುರುವಾಗುವಾಗ ದಿನವಹಿಯಲ್ಲಿದ್ದು ಖಾತೆಗೆ ಏರದ ಬರಹಗಳನ್ನು ಏರಿಸಿ, ಅನಂತರ ಅರ್ಧಕ್ಕೆ ನಿಂತ ವಹಿವಾಟುಗಳನ್ನು ರದ್ದುಮಾಡುತ್ತದೆ. ಈ ಕ್ರಮಕ್ಕೆ ಶಾಸ್ತ್ರೀಯವಾದ ನಿರೂಪಣೆ ಕೊಟ್ಟದ್ದು, ಮದ್ರಾಸಿನ ಐಐಟಿಯಲ್ಲಿ ಓದಿ ಐಬಿಎಂನಲ್ಲಿ ದುಡಿದ ಸಿ. ಮೋಹನ್ ಮತ್ತವರ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ ಏರೀಸ್ ಪ್ರಬಂಧ. ಇನ್ನೋಡಿಬಿ ಅದನ್ನು ಅಕ್ಷರಶಃ ಅನುಸರಿಸದಿದ್ದರೂ ಅದರ ತಿರುಳನ್ನು ಉಳಿಸಿಕೊಂಡಿದೆ.

ಇಷ್ಟು ತಿಳಿದ ಮೇಲೆ, ಶುರುವಾಗುವಾಗಲೇ ಸರ್ವರ್ ಬೀಳುವುದೇಕೆ ಎಂಬುದು ಬೇರೆ ಬೆಳಕಿನಲ್ಲಿ ಕಾಣುತ್ತದೆ. ಪ್ರತಿ ಪುಟದ ಮೇಲೂ ಅದರ ಒಳಗಿನ ಬೈಟುಗಳಿಂದ ಲೆಕ್ಕಹಾಕಿದ ಪರೀಕ್ಷಾಸಂಖ್ಯೆಯೊಂದು ಇರುತ್ತದೆ. ಓದಿದ ಪುಟಕ್ಕೂ ಆ ಸಂಖ್ಯೆಗೂ ತಾಳೆಯಾಗದಿದ್ದರೆ, ಅಥವಾ ಎಂದಿಗೂ ಸುಳ್ಳಾಗಬಾರದ ಯಾವುದೋ ಒಳನಿಯಮ ಸುಳ್ಳಾದರೆ, ಇನ್ನೋಡಿಬಿ ಉದ್ದೇಶಪೂರ್ವಕವಾಗಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ ಮತ್ತು ಹಾಗೆ ಮಾಡುತ್ತಿರುವುದಾಗಿ ದೋಷದ ಲಾಗ್‌ನಲ್ಲಿ ಬರೆದೂ ಇಡುತ್ತದೆ. ಕೆಟ್ಟ ಪುಟದ ಮೇಲೆ ಹೊಸ ಬರಹ ಬಿದ್ದರೆ ಹಾನಿ ಒಂದು ಪುಟದಿಂದ ನೂರು ಪುಟಕ್ಕೆ ಹಬ್ಬುವುದರಿಂದ, ಈ ನಿರಾಕರಣೆಯೇ ಇಡೀ ವಿನ್ಯಾಸದ ಅತ್ಯಂತ ಪ್ರಾಮಾಣಿಕ ಭಾಗವೆನ್ನಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಇತಿಹಾಸವೂ ಇದೇ ಮಾತಿಗೆ ಸಾಕ್ಷಿ ನುಡಿಯುತ್ತದೆ. ಬರೆದದ್ದನ್ನು ಡಿಸ್ಕಿಗೆ ಖಚಿತವಾಗಿ ಇಳಿಸೆಂದು ಕೇಳುವ ‘ಎಫ್‌ಸಿಂಕ್’ ಎಂಬ ಕರೆ ಒಮ್ಮೆ ವಿಫಲವಾದರೆ, ಮರುಬಾರಿ ಕೇಳಿದಾಗ ಲಿನಕ್ಸ್ ಎಲ್ಲವೂ ಸರಿಯಿದೆ ಎಂದು ಉತ್ತರಿಸಬಲ್ಲದು ಎಂಬುದು 2018ರಲ್ಲಿ ಅದನ್ನು ರೂಪಿಸುವ ಬಳಗದ ಗಮನಕ್ಕೆ ಬಂತು. ಅಲ್ಲಿಯವರೆಗೆ ಮರುಪ್ರಯತ್ನವನ್ನು ನಂಬಿದ್ದ ಪೋಸ್ಟ್‌ಗ್ರೆಸ್, 2019ರ ಫೆಬ್ರುವರಿಯ ತಿದ್ದುಪಡಿಗಳಲ್ಲಿ ಆ ನಂಬಿಕೆಯನ್ನು ಕೈಬಿಟ್ಟು, ಅಂಥ ಸಂದರ್ಭದಲ್ಲಿ ತಕ್ಷಣ ಬಿದ್ದು ಲಾಗ್‌ನಿಂದ ಚೇತರಿಸಿಕೊಳ್ಳುವ ದಾರಿಯನ್ನು ಆರಿಸಿಕೊಂಡಿತು.

ಶುರುವಾಗದ ಪ್ರತಿ ಸರ್ವರಿನ ಹಿಂದೆಯೂ ಕೆಟ್ಟ ಪುಟವಿರುತ್ತದೆ ಎಂದಲ್ಲ. ಡಿಸ್ಕ್ ತುಂಬಿರುವುದು, ದತ್ತಾಂಶದ ಡೈರೆಕ್ಟರಿಯ ಒಡೆತನ ತಪ್ಪಿರುವುದು, 3306ನೆಯ ಪೋರ್ಟನ್ನು ಹಳೆಯ ಪ್ರಕ್ರಿಯೆಯೊಂದು ಹಿಡಿದುಕೊಂಡಿರುವುದು, ಸಂರಚನಾ ಕಡತದಲ್ಲಿ ಹೊಸ ಆವೃತ್ತಿಗೆ ಗೊತ್ತಿಲ್ಲದ ಸಾಲೊಂದು ಉಳಿದಿರುವುದು, ಮೆಮೊರಿ ಸಾಲದೆ ಲಿನಕ್ಸೇ ಸರ್ವರನ್ನು ಕೊಲ್ಲುವುದು ಇವೆಲ್ಲ ದಿನನಿತ್ಯದ ಕಾರಣಗಳು. ದೋಷದ ಲಾಗ್ ಮತ್ತು ವ್ಯವಸ್ಥೆಯ ಲಾಗ್ ಎರಡರ ಕೊನೆಯ ಕೆಲವು ಸಾಲುಗಳನ್ನು ಓದಿದರೆ ಇವು ಬಹುಮಟ್ಟಿಗೆ ಬಯಲಾಗುತ್ತವೆ. ಹಾಗೆ ಓದುವ ಮೊದಲೇ ಫೋರ್ಸ್ ರಿಕವರಿಗೆ ಕೈಹಾಕುವುದು ನಾಡಿ ಹಿಡಿಯದೆ ಕತ್ತಿ ಹಿಡಿದಂತೆ.

ಫೋರ್ಸ್ ರಿಕವರಿ ಎಂಬುದು ಸೊನ್ನೆಯಿಂದ 6ರವರೆಗಿನ ಒಂದು ಅಂಕಿ. ಸೊನ್ನೆ ಸಹಜ ಸ್ಥಿತಿ, ಮೇಲಿನ ಪ್ರತಿ ಮೆಟ್ಟಿಲೂ ಕೆಳಗಿನವುಗಳನ್ನು ಒಳಗೊಳ್ಳುತ್ತದೆ. ಮೊದಲನೆಯದು ಕೆಟ್ಟ ಪುಟ ಕಂಡರೂ ಸರ್ವರನ್ನು ಬೀಳಿಸದೆ ಅದನ್ನು ದಾಟಿಹೋಗಲು ಬಿಡುತ್ತದೆ. ಎರಡನೆಯದು ಹಳೆಯ ದಾಖಲೆಗಳನ್ನು ಗುಡಿಸುವ ಹಿನ್ನೆಲೆಯ ಕೆಲಸಗಳನ್ನು ತಡೆಯುತ್ತದೆ, ಮೂರನೆಯದು ಅರ್ಧಕ್ಕೆ ನಿಂತ ವಹಿವಾಟುಗಳ ರದ್ದತಿಯನ್ನು. ನಾಲ್ಕನೆಯದು ಉಪಸೂಚಿಗಳಿಗೆ ಇನ್ನೂ ಸೇರದೆ ಕಾದಿರುವ ಬದಲಾವಣೆಗಳನ್ನು ಸೇರಿಸಗೊಡುವುದಿಲ್ಲ. ಐದನೆಯದು ಅನ್‌ಡೂ ಲಾಗನ್ನೇ ನೋಡದೆ ಅಪೂರ್ಣ ವಹಿವಾಟುಗಳನ್ನು ಪೂರ್ಣವೆಂದು ಬಗೆದರೆ, ಆರನೆಯದು ದಿನವಹಿಯನ್ನೇ ಬದಿಗಿಟ್ಟು ಖಾತೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಬಾಗಿಲು ತೆರೆಯುತ್ತದೆ. ಅಂಕಿ ಸೊನ್ನೆಗಿಂತ ಹೆಚ್ಚಾದೊಡನೆ ಸೇರಿಸುವ, ತಿದ್ದುವ, ಅಳಿಸುವ ಆದೇಶಗಳು ನಿಲ್ಲುತ್ತವೆ, 5.6.15ನೆಯ ಆವೃತ್ತಿಯಿಂದ ನಾಲ್ಕು ಮತ್ತು ಅದಕ್ಕೆ ಮೇಲ್ಪಟ್ಟ ಮೆಟ್ಟಿಲುಗಳಲ್ಲಿ ಇಡೀ ಎಂಜಿನ್ ಓದುವುದಕ್ಕಷ್ಟೇ ತೆರೆದುಕೊಳ್ಳುತ್ತದೆ. ಇದು ಡೇಟಾವನ್ನು ಹೊರಗೆ ಸಾಗಿಸಲು ತೆರೆದ ಕಿಟಕಿಯೇ ಹೊರತು ವ್ಯಾಪಾರ ಮುಂದುವರಿಸುವ ಬಾಗಿಲಲ್ಲ ಎಂಬ ನಿಲುವನ್ನು ವಿನ್ಯಾಸಕಾರರು ಬರಿಯ ಎಚ್ಚರಿಕೆಯ ಮಾತಿನಲ್ಲಿ ಬಿಡದೆ ಎಂಜಿನ್ನಿನ ನಡವಳಿಕೆಯಲ್ಲೇ ಹೆಣೆದಿರುವುದು ನಿಜಕ್ಕೂ ಮೆಚ್ಚತಕ್ಕದ್ದು.

ಆದರೆ ಈ ಏಣಿಯ ಕೊರತೆಯೂ ಅದರ ರೂಪದಲ್ಲೇ ಇದೆ. ಒಂದರಿಂದ ಎರಡಕ್ಕೆ ಹೋಗುವುದಕ್ಕೂ ನಾಲ್ಕರಿಂದ ಐದಕ್ಕೆ ಹೋಗುವುದಕ್ಕೂ ಅಜಗಜಾಂತರವಿದ್ದರೂ ಬಳಸುವವರ ಕಣ್ಣಿಗೆ ಎರಡೂ ಒಂದೊಂದು ಅಂಕಿಯ ಏರಿಕೆಯಾಗಿಯೇ ಕಾಣುತ್ತವೆ. ನಾಲ್ಕು ಮತ್ತು ಅದಕ್ಕೆ ಮೇಲ್ಪಟ್ಟ ಮೆಟ್ಟಿಲುಗಳಲ್ಲಿ ಕಡತಗಳು ಶಾಶ್ವತವಾಗಿ ಕೆಡಬಹುದೆಂದು ಕೈಪಿಡಿ ಸ್ಪಷ್ಟವಾಗಿ ಎಚ್ಚರಿಸುತ್ತದೆ. ಅಂಕಿ ಮಾತ್ರ ಏನನ್ನೂ ಹೇಳುವುದಿಲ್ಲ. ಏನನ್ನು ಬಿಟ್ಟುಕೊಡಲಾಗುತ್ತಿದೆ ಎಂಬುದನ್ನೇ ಹೆಸರಾಗಿ ಬರೆಯಬೇಕಾಗಿದ್ದರೆ, ಅಂದರೆ ‘ದಿನವಹಿಯನ್ನು ಬಿಟ್ಟುಬಿಡು’ ಎಂದು ಸಂರಚನಾ ಕಡತದಲ್ಲಿ ಕೈಯಾರೆ ಟೈಪ್ ಮಾಡಬೇಕಾಗಿದ್ದರೆ, ಅನೇಕರ ಬೆರಳು ಅಲ್ಲಿ ತಡೆಯುತ್ತಿತ್ತು. ಎಂಜಿನ್ನಿನ ಮೂಲ ಸಂಕೇತದಲ್ಲಿ ಪ್ರತಿ ಮೆಟ್ಟಿಲಿಗೂ ಅರ್ಥವತ್ತಾದ ಹೆಸರೇ ಇದೆ. ಅದು ಬಳಸುವವರ ಕೈಗೆ ಬರುವಷ್ಟರಲ್ಲಿ ಬರಿಯ ಅಂಕಿಯಾಗಿ ಸವೆದಿದೆ.

ಇದಕ್ಕಿಂತ ಹೆಚ್ಚು ಕಟುವಾದ ಪರೀಕ್ಷೆಗೆ ಅರ್ಹವಾದದ್ದು ರಿಡೂ ಲಾಗ್ ಕಡತಗಳನ್ನೇ ಅಳಿಸಿ ಸರ್ವರನ್ನು ಎಬ್ಬಿಸುವ ಮದ್ದು. ಈ ಮದ್ದು ಅಜ್ಞಾನದಿಂದ ಹುಟ್ಟಿದ್ದಲ್ಲ ಎಂಬುದೇ ಗಮನಾರ್ಹ. 5.6.8ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಲಾಗ್‌ನ ಗಾತ್ರ ಬದಲಿಸಬೇಕಾದರೆ ಸರ್ವರನ್ನು ಕ್ರಮಬದ್ಧವಾಗಿ ನಿಲ್ಲಿಸಿ, ಯಾವ ದೋಷವೂ ಇಲ್ಲದೆ ನಿಂತಿತೆಂದು ಖಚಿತಪಡಿಸಿಕೊಂಡು, ಹಳೆಯ ಲಾಗ್ ಕಡತಗಳನ್ನು ಪಕ್ಕಕ್ಕೆ ಸರಿಸಿ ಹೊಸ ಗಾತ್ರದೊಡನೆ ಶುರುಮಾಡುವುದೇ ಅಧಿಕೃತ ವಿಧಾನವಾಗಿತ್ತು. ಕ್ರಮಬದ್ಧವಾಗಿ ನಿಂತ ಸರ್ವರಿನ ದಿನವಹಿಯಲ್ಲಿ ಖಾತೆಗೆ ಏರದ ಬರಹ ಯಾವುದೂ ಉಳಿದಿರುವುದಿಲ್ಲವಾದ್ದರಿಂದ ಅದು ನಿರಪಾಯಕಾರಿ. ಬಾಯಿಂದ ಬಾಯಿಗೆ ಹೋಗುತ್ತ ಆ ವಿಧಾನದ ಷರತ್ತು ಉದುರಿ, ಅಳಿಸುವ ಕ್ರಿಯೆಯೊಂದೇ ಉಳಿಯಿತು. ಬಿದ್ದ ಸರ್ವರಿನ ಲಾಗ್ ಅಳಿಸಿದರೆ, ಕೊನೆಯ ಬಾರಿ ಕ್ರಮಬದ್ಧವಾಗಿ ನಿಂತಾಗ ಬರೆದಿಟ್ಟ ಹಳೆಯ ಕ್ರಮಸಂಖ್ಯೆಯಿಂದ (ದಿನವಹಿಯ ಬರಹಕ್ಕೆ ಕೊಡುವ, ಅದು ತಿದ್ದಿದ ಪುಟದ ಮೇಲೂ ನಮೂದಾಗುವ ಸಂಖ್ಯೆ) ಹೊಸ ಲಾಗ್ ಆರಂಭವಾಗುತ್ತದೆ; ಅದರಾಚೆಗೆ ತಿದ್ದಲ್ಪಟ್ಟ ಪುಟಗಳ ಮೇಲಿನ ಕ್ರಮಸಂಖ್ಯೆ ಅದಕ್ಕಿಂತ ಮುಂದಿರುವುದರಿಂದ, ಪುಟದ ಸಂಖ್ಯೆ ಭವಿಷ್ಯದಲ್ಲಿದೆ ಎಂಬ ದೂರು ದೋಷದ ಲಾಗ್‌ನಲ್ಲಿ ಸಾಲುಗಟ್ಟುತ್ತದೆ. ಸರ್ವರ್ ನಡೆಯುತ್ತಿರುವುದರಿಂದ ಈ ದೂರನ್ನು ಯಾರೂ ಲೆಕ್ಕಿಸುವುದಿಲ್ಲ. ಮುಂದೊಂದು ದಿನ ಮತ್ತೆ ವಿದ್ಯುತ್ ಹೋದಾಗ, ದಿನವಹಿಯ ಬರಹಕ್ಕಿಂತ ಪುಟವೇ ಹೊಸತು ಎಂದು ಎಂಜಿನ್ ತಪ್ಪಾಗಿ ತಿಳಿದು ಏರಿಸಲೇಬೇಕಾದ ಬರಹವನ್ನು ಏರಿಸದೆ ಬಿಡುತ್ತದೆ. ಇಂದಿನ ಮದ್ದಿನ ಬೆಲೆ ತೆರುವುದು ಆ ದಿನ. ಆಗ ಕಾರಣ ಯಾರ ನೆನಪಿನಲ್ಲೂ ಇರುವುದಿಲ್ಲ.

ಕಲಿಯುವವರು ಹೆಚ್ಚಾಗಿ ಬಳಸುವ ಝಾಂಪ್ ಎಂಬ ಕಂತೆಯಲ್ಲಿ ಬ್ಯಾಕಪ್ ಹೆಸರಿನ ಫೋಲ್ಡರಿನ ಪ್ರತಿಯನ್ನು ಡೇಟಾ ಫೋಲ್ಡರಿನ ಜಾಗದಲ್ಲಿಟ್ಟು, ಹಳೆಯ ಕೋಷ್ಟಕಗಳನ್ನೂ ಇನ್ನೋಡಿಬಿಯ ಸಾಮಾನ್ಯ ಸಂಗ್ರಹವಾದ ಐಬಿಡೇಟಾ1 ಕಡತವನ್ನೂ ಅದರೊಳಕ್ಕೆ ಮರಳಿ ತರುವ ಮದ್ದು ಕೂಡ ಇದರದೇ ಇನ್ನೊಂದು ರೂಪ, ಏಕೆಂದರೆ ಅಲ್ಲಿಯೂ ಹಳೆಯ ಖಾತೆಯನ್ನು ಅದರದಲ್ಲದ ದಿನವಹಿಯೊಡನೆ ಜೋಡಿಸಲಾಗುತ್ತದೆ.

ಇಂಥ ಕಡೆಗಳಲ್ಲಿ ಬಳಸುವವರನ್ನಷ್ಟೇ ದೂರುವುದು ನ್ಯಾಯವಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ದಿನವಹಿ ಇರುವ ಡೈರೆಕ್ಟರಿಗೆ ‘ಪಿಜಿ_ಎಕ್ಸ್‌ಲಾಗ್’ ಎಂಬ ಹೆಸರಿದ್ದಾಗ, ಜಾಗ ಸಾಲದವರು ಅದನ್ನು ಬೇಡದ ಲಾಗ್ ಎಂದು ತಿಳಿದು ಅಳಿಸಿ ಡೇಟಾಬೇಸನ್ನೇ ಕಳೆದುಕೊಳ್ಳುತ್ತಿದ್ದುದು ಮತ್ತೆ ಮತ್ತೆ ನಡೆದು, 2017ರ 10ನೆಯ ಆವೃತ್ತಿಯಲ್ಲಿ ಅದು ‘ಪಿಜಿ_ವಾಲ್’ ಆಯಿತು. ವಹಿವಾಟುಗಳ ಸ್ಥಿತಿ ದಾಖಲಾಗುವ ‘ಪಿಜಿ_ಕ್ಲಾಗ್’ ‘ಪಿಜಿ_ಎಕ್ಸ್ಆ್ಯಕ್ಟ್’ ಆಯಿತು. ಹಳೆಯ ಹೆಸರನ್ನು ನೆಚ್ಚಿದ್ದ ಸಾಧನಗಳೆಲ್ಲ ಮುರಿಯುತ್ತವೆಂದು ಗೊತ್ತಿದ್ದೂ ಹೆಸರು ಬದಲಿಸಿದ ಆ ಬಳಗದ ತೀರ್ಮಾನ, ಎಚ್ಚರಿಕೆಯ ಎಷ್ಟೋ ಪುಟಗಳಿಗಿಂತ ಬೆಲೆಯುಳ್ಳದ್ದು. ಮೈಎಸ್‌ಕ್ಯೂಎಲ್ ಕೂಡ 8.0.30ರಲ್ಲಿ ಲಾಗ್ ಕಡತಗಳನ್ನು ‘#ಇನ್ನೋಡಿಬಿ_ರಿಡೂ’ ಎಂಬ ಪ್ರತ್ಯೇಕ ಡೈರೆಕ್ಟರಿಗೆ ಸರಿಸಿದೆ.

ಇನ್ನೊಂದು ಹಾನಿ ತಾನಾಗಿಯೇ ಮರುಶುರುಮಾಡುವ ಏರ್ಪಾಡಿನಿಂದ ಬರುತ್ತದೆ. ಬಿದ್ದ ಸರ್ವರನ್ನು ಸಿಸ್ಟಮ್‌ಡಿ ಅಥವಾ ಮೈಎಸ್‌ಕ್ಯೂಎಲ್‌ಡಿ_ಸೇಫ್ ಕಾರ್ಯಕ್ರಮ ಮತ್ತೆ ಎಬ್ಬಿಸುತ್ತದೆ, ಅದು ಮತ್ತೆ ಬೀಳುತ್ತದೆ, ಪ್ರತಿ ಸುತ್ತಿನಲ್ಲೂ ಚೇತರಿಕೆಯ ಅರ್ಧ ಕೆಲಸ ಕಡತಗಳ ಮೇಲೆ ಬರೆದುಕೊಳ್ಳುತ್ತದೆ; ಡಿಸ್ಕೇ ಸಾಯುತ್ತಿದ್ದರೆ ಈ ಸುತ್ತುಗಳು ಅದರ ಸಾವನ್ನು ಹತ್ತಿರ ತರುತ್ತವೆ. ಆದ್ದರಿಂದ ಮೊದಲ ಕೆಲಸ ಈ ಮರುಶುರುವನ್ನು ನಿಲ್ಲಿಸುವುದು. ಎರಡನೆಯದು ಇಡೀ ಡೇಟಾ ಡೈರೆಕ್ಟರಿಯನ್ನು ಇದ್ದಂತೆಯೇ ಬೇರೆ ಡಿಸ್ಕಿಗೆ ನಕಲು ಮಾಡುವುದು. ಕೋಷ್ಟಕಗಳ ಫೋಲ್ಡರುಗಳಷ್ಟೇ ಸಾಲವು. ಐಬಿಡೇಟಾ1, ರಿಡೂ, ಅನ್‌ಡೂ ಕಡತಗಳು ಮತ್ತು ಬರೆಯುವಾಗ ಅರ್ಧಕ್ಕೆ ಹರಿದ ಪುಟದ ಇಡೀ ಪ್ರತಿಯನ್ನು ಕಾಪಾಡಿರುವ ಡಬಲ್‌ರೈಟ್ ಕಡತಗಳೂ ಜೊತೆಗಿರಬೇಕು. ಮೂಲವನ್ನು ಮುಟ್ಟದೆ ನಕಲಿನ ಮೇಲೆ ಏಣಿ ಹತ್ತಿದರೆ ತಪ್ಪು ಮೆಟ್ಟಿಲಿನಿಂದ ಹಿಂದಿರುಗಲು ದಾರಿಯಿರುತ್ತದೆ.

ಏಣಿ ಹತ್ತಿದ ಮೇಲಿನ ಕೆಲಸವೆಂದರೆ ಕೋಷ್ಟಕಗಳನ್ನು ಒಂದೊಂದಾಗಿ ಪಠ್ಯರೂಪದಲ್ಲಿ ಹೊರತೆಗೆದು ಹೊಸ ಸರ್ವರಿಗೆ ತುಂಬುವುದು. ಓದುತ್ತ ಹೋದಂತೆ ಕೆಟ್ಟ ಪುಟದಲ್ಲಿ ಸರ್ವರ್ ಮತ್ತೆ ಬಿದ್ದರೆ, ಮುಖ್ಯ ಕೀಲಿಯ ಇಳಿಕೆಯ ಕ್ರಮದಲ್ಲಿ ಹಿಂದಿನಿಂದ ಓದಿ ಆ ಪುಟದಾಚೆಗಿನ ಸಾಲುಗಳನ್ನು ಪಡೆಯುವ ಉಪಾಯವನ್ನು ಕೈಪಿಡಿಯೇ ಹೇಳಿಕೊಡುತ್ತದೆ. ಹೀಗೆ ಎರಡೂ ಕಡೆಯಿಂದ ಒತ್ತರಿಸುತ್ತ ಬಂದರೆ ನಷ್ಟ ಕೆಲವೇ ಪುಟಗಳಿಗೆ ಸೀಮಿತವಾಗುತ್ತದೆ. ಆದರೆ ಹೊರಬಂದ ಪಠ್ಯ ಯಾವ ಮೆಟ್ಟಿಲಿನಿಂದ ಬಂದದ್ದು ಎಂಬುದು ಅದರ ಮೇಲೆ ಎಲ್ಲಿಯೂ ನಮೂದಾಗುವುದಿಲ್ಲ, ಮತ್ತು ಅದೇ ಅತ್ಯಂತ ಮುಖ್ಯವಾದ ಸಂಗತಿ. ಮೂರನೆಯ ಮೆಟ್ಟಿಲಿನಲ್ಲಿ ಅರ್ಧಕ್ಕೆ ನಿಂತ ವಹಿವಾಟುಗಳು ರದ್ದಾಗದಿದ್ದರೂ ಅವು ಅಪೂರ್ಣವೆಂಬ ಅರಿವು ಎಂಜಿನ್ನಿಗೆ ಇರುವುದರಿಂದ, ಒಂದೇ ವಹಿವಾಟಿನೊಳಗೆ ಸುಸಂಗತವಾಗಿ ಓದುವವರಿಗೆ ಅದು ಅನ್‌ಡೂ ಲಾಗ್‌ನಿಂದ ಹಳೆಯ ಮೌಲ್ಯವನ್ನೇ ತೋರಿಸುತ್ತದೆ. ಎಷ್ಟು ವಹಿವಾಟುಗಳು ರದ್ದಾಗಬೇಕಿದ್ದವು ಎಂಬ ಎಣಿಕೆಯನ್ನೂ ಲಾಗ್‌ನಲ್ಲಿ ಕೊಡುತ್ತದೆ. ಐದನೆಯದರಲ್ಲಿ ಆ ಅರಿವೂ ಇಲ್ಲ, ಎಣಿಕೆಯೂ ಇಲ್ಲ. ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಸೇರುವ ಮುನ್ನ ಸರ್ವರ್ ಬಿದ್ದಿದ್ದರೆ, ಕಳೆದ ಹಣ ಕಳೆದಂತೆಯೇ, ಯಾವ ಗುರುತೂ ಇಲ್ಲದೆ, ಹೊಸ ಸರ್ವರಿಗೆ ಹೋಗುತ್ತದೆ. ಐದು ಮತ್ತು ಆರನೆಯ ಮೆಟ್ಟಿಲುಗಳಿಂದ ತೆಗೆದ ಕೋಷ್ಟಕಗಳನ್ನು ಬ್ಯಾಂಕಿನ ವಿವರಪಟ್ಟಿ, ಮುದ್ರಿತ ರಸೀದಿ, ಪಾವತಿ ದಾಖಲೆ ಮೊದಲಾದ ಹೊರಗಿನ ಬರಹಗಳೊಡನೆ ಸಾಲು ಸಾಲಾಗಿ ತಾಳೆ ನೋಡುವವರೆಗೆ ಆ ಸರ್ವರನ್ನು ಗ್ರಾಹಕರಿಗೆ ತೆರೆಯಬಾರದು.